ಉಸಿರಾಟ ಚಿಕಿತ್ಸೆ: ಒಂದು ವೃತ್ತಿಯ ಹುಟ್ಟು ಮತ್ತು ಬೆಳವಣಿಗೆ

ಉಸಿರಾಡಲು ಕಷ್ಟಪಡುವ ಅಥವಾ ಉಸಿರಾಡಲು ಆಗದೇ ಹೋದ ರೋಗಿಗೆ ಆಮ್ಲಜನಕ, ಔಷಧದ ಆವಿ, ಯಂತ್ರದ ಆಸರೆ ಕೊಟ್ಟು, ಆತ ತನ್ನ ಉಸಿರನ್ನು ತಾನೇ ಎಳೆದುಕೊಳ್ಳುವವರೆಗೆ ಜೊತೆಗಿರುವ ಆರೋಗ್ಯಸೇವೆಗೆ ಉಸಿರಾಟ ಚಿಕಿತ್ಸೆ ಎಂದು ಹೆಸರು. ಇದನ್ನೇ ವೃತ್ತಿಯಾಗಿ ಕಲಿತವರು ರೆಸ್ಪಿರೇಟರಿ ಥೆರಪಿಸ್ಟ್‌ಗಳು. ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರ್ ನಡೆಸುವುದು, ಗಂಟಲಿಗೆ ಇಳಿಸಿದ ನಳಿಗೆಯ ಆರೈಕೆ, ಕಫ ತೆಗೆಯುವುದು, ರಕ್ತದಲ್ಲಿನ ಅನಿಲಗಳ ಪರೀಕ್ಷೆ, ಶ್ವಾಸಕೋಶದ ಸಾಮರ್ಥ್ಯ ಅಳೆಯುವುದು, ಉಬ್ಬಸದ ಮಗುವಿಗೆ ಇನ್ಹೇಲರ್ ಹಿಡಿಯುವ ಕ್ರಮ ಹೇಳಿಕೊಡುವುದು, ಇವೆಲ್ಲ ಅವರ ದಿನದ ಕೆಲಸ. ಪ್ರತ್ಯೇಕ ವೃತ್ತಿಯಾಗಿ ಇದರ ವಯಸ್ಸು ಸುಮಾರು ಎಂಟು ದಶಕ. ಹುಟ್ಟಿದ್ದು ಅಮೆರಿಕದಲ್ಲಿ. ಭಾರತದಲ್ಲಿ ಇನ್ನೂ ಎಳೆಯದು.

ಈ ಚರಿತ್ರೆಯನ್ನು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯಾಗಿ ಬರೆಯುತ್ತಾರೆ. ಯಂತ್ರಗಳ ಪಾಲು ದೊಡ್ಡದು, ಸಂಶಯವಿಲ್ಲ. ಆದರೆ ಪ್ರತಿಯೊಂದು ಹೊಸ ಯಂತ್ರವೂ ಆಸ್ಪತ್ರೆಯ ಮುಂದೆ ಒಂದೇ ಪ್ರಶ್ನೆಯನ್ನು ತಂದಿಟ್ಟಿತು: ರಾತ್ರಿಯಿಡೀ ಇದರ ಪಕ್ಕದಲ್ಲಿ ಕೂರುವವರು ಯಾರು? ಈ ವೃತ್ತಿ ಬೆಳೆದದ್ದು ಆ ಪ್ರಶ್ನೆಗೆ ಉತ್ತರವಾಗಿ.

ತಿದಿಯಿಂದ ಸಿಲಿಂಡರಿಗೆ

ನಿಂತ ಉಸಿರನ್ನು ಹೊರಗಿನಿಂದ ನಡೆಸಬಹುದೆಂಬ ಅರಿವು ಹಳೆಯದು. 1543ರಲ್ಲಿ ಪ್ರಕಟವಾದ ತನ್ನ ಅಂಗರಚನಾ ಗ್ರಂಥದಲ್ಲಿ ವೆಸಾಲಿಯಸ್, ಪ್ರಾಣಿಯ ಶ್ವಾಸನಾಳಕ್ಕೆ ಜೊಂಡಿನ ಕೊಳವೆ ತೂರಿಸಿ ಊದಿದರೆ ಕುಸಿದ ಶ್ವಾಸಕೋಶ ಮತ್ತೆ ಉಬ್ಬುತ್ತದೆ, ಸೋತ ಹೃದಯ ಚೇತರಿಸಿಕೊಳ್ಳುತ್ತದೆ ಎಂದು ಬರೆದ. 1667ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಎದುರು ರಾಬರ್ಟ್ ಹುಕ್, ಕುಲುಮೆಯವರು ಬಳಸುವಂಥ ತಿದಿಗಳಿಂದ ಗಾಳಿ ಹಾಯಿಸುತ್ತ ಒಂದು ನಾಯಿಯನ್ನು ಜೀವಂತ ಇಟ್ಟು ತೋರಿಸಿದ. ಶ್ವಾಸಕೋಶ ಏರಿಳಿಯದಿದ್ದರೂ ಹೊಸ ಗಾಳಿ ಹರಿಯುತ್ತಿದ್ದರೆ ಜೀವ ಉಳಿಯುತ್ತದೆ ಎಂಬುದು ಅಂದು ಖಚಿತವಾಯಿತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ನೀರಿನಲ್ಲಿ ಮುಳುಗಿದವರನ್ನು ಬದುಕಿಸಲು ಯುರೋಪಿನ ನದೀತೀರಗಳಲ್ಲಿ ತಿದಿಗಳನ್ನು ಇಡುವ ಪದ್ಧತಿ ಬಂತು. 1820ರ ದಶಕದ ಕೊನೆಗೆ ಫ್ರಾನ್ಸಿನ ಲೆರ್ವಾ ಎಂಬ ವೈದ್ಯ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ತಿದಿಯನ್ನು ಜೋರಾಗಿ ಒತ್ತಿದರೆ ಶ್ವಾಸಕೋಶ ಒಡೆದು ಪ್ರಾಣಿ ಸಾಯುತ್ತದೆ ಎಂದು ತೋರಿಸಿದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಗಾಳಿ ಹೆಚ್ಚಾದರೂ ಕೊಲ್ಲುತ್ತದೆ ಎಂಬ ಈ ಪಾಠವನ್ನು ವೈದ್ಯಲೋಕ ಸುಮಾರು 170 ವರ್ಷಗಳ ನಂತರ ಮತ್ತೆ ಕಲಿಯಬೇಕಾಯಿತು.

ಆಮ್ಲಜನಕವನ್ನು ಸ್ವೀಡನ್ನಿನ ಷೀಲೆ, ಇಂಗ್ಲೆಂಡಿನ ಪ್ರೀಸ್ಟ್ಲಿ 1770ರ ದಶಕದಲ್ಲಿ ಬೇರೆಬೇರೆಯಾಗಿ ಕಂಡುಹಿಡಿದರು. ಅದು ಏನೆಂದು ಅರ್ಥಮಾಡಿಕೊಂಡು ಹೆಸರಿಟ್ಟವನು ಪ್ಯಾರಿಸಿನ ಲವಾಸಿಯೇ. 1799ರಲ್ಲಿ ಥಾಮಸ್ ಬೆಡೋಸ್ ಬ್ರಿಸ್ಟಲ್‌ನಲ್ಲಿ ಅನಿಲಗಳಿಂದ ರೋಗ ಗುಣಪಡಿಸುವ ಸಂಸ್ಥೆಯನ್ನೇ ತೆರೆದ. ಅನಿಲ ಎಷ್ಟು, ಯಾರಿಗೆ, ಯಾಕೆ ಎಂಬ ಲೆಕ್ಕ ಆಗ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಅದು ಫಲಿಸಲಿಲ್ಲ. ಇದಕ್ಕಿಂತ ಗಟ್ಟಿಯಾದ ಕೆಲಸ ಜಾನ್ ಹಚಿನ್ಸನ್‌ನದು. ಈತ 1846ರಲ್ಲಿ ಪ್ರಕಟಿಸಿದ ಸ್ಪೈರೋಮೀಟರ್ ಶ್ವಾಸಕೋಶಕ್ಕೆ ಮೊದಲ ಅಳತೆಗೋಲಾಯಿತು. ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದು, ಒಬ್ಬನ ಶ್ವಾಸಕೋಶದ ಸಾಮರ್ಥ್ಯ ಅವನ ಎತ್ತರಕ್ಕೆ ತಕ್ಕಂತೆ ಇರುತ್ತದೆ ಎಂದು ಆತ ಕಂಡುಕೊಂಡ. ಇಂದು ವೆಂಟಿಲೇಟರಿನ ಗುಂಡಿ ತಿರುಗಿಸುವ ಕೈ ಮೊದಲು ನೋಡುವುದು ಆ ಎತ್ತರವನ್ನೇ.

ಮೊದಲ ಮಹಾಯುದ್ಧದಲ್ಲಿ ವಿಷಾನಿಲದಿಂದ ಶ್ವಾಸಕೋಶ ಸುಟ್ಟುಕೊಂಡ ಸೈನಿಕರು ಆಸ್ಪತ್ರೆಗಳಿಗೆ ಬಂದಾಗ ಆಮ್ಲಜನಕ ಔಷಧವಾಗಿ ಬಳಕೆಗೆ ಬಂತು. ಬ್ರಿಟನ್ನಿನ ಜೆ. ಎಸ್. ಹಾಲ್ಡೇನ್ 1917ರಲ್ಲಿ ಅದನ್ನು ಮುಖವಾಡದ ಮೂಲಕ ಅಳೆದು ಕೊಡುವ ಕ್ರಮವನ್ನು ವಿವರಿಸಿದ. 1920ರ ದಶಕದಲ್ಲಿ ನ್ಯೂಯಾರ್ಕಿನ ಆಲ್ವನ್ ಬರಾಕ್ ಆಮ್ಲಜನಕದ ಗುಡಾರವನ್ನು ಸುಧಾರಿಸಿದ. ರೋಗಿಯ ಹಾಸಿಗೆಯ ಮೇಲೆ ಇಳಿಬಿಟ್ಟ ಆ ಗುಡಾರದ ಒಳಗೆ ಬೆವರು ಕಿತ್ತುಬರದಂತೆ ಗಾಳಿಯನ್ನು ಮಂಜುಗಡ್ಡೆಯ ಮೇಲೆ ಹಾಯಿಸುತ್ತಿದ್ದರು. ಸಿಲಿಂಡರ್ ಬದಲಿಸಬೇಕು, ಮಂಜುಗಡ್ಡೆ ತುಂಬಬೇಕು, ಗುಡಾರದ ಅಂಚುಗಳನ್ನು ಹಾಸಿಗೆಯಡಿ ಸಿಕ್ಕಿಸಬೇಕು. ಇದು ವೈದ್ಯರ ಕೆಲಸವಲ್ಲ, ದಾದಿಯರಿಗೆ ಪುರುಸೊತ್ತಿಲ್ಲ.

ಸಿಲಿಂಡರ್ ಉರುಳಿಸುವವರು

ಹೀಗೆ 1930 ಮತ್ತು 40ರ ದಶಕದ ಅಮೆರಿಕದ ಆಸ್ಪತ್ರೆಗಳಲ್ಲಿ ಆಮ್ಲಜನಕದ ಆಳು ಎಂಬ ಹೊಸಬ ಕಾಣಿಸಿಕೊಂಡ. ಆಳೆತ್ತರದ ಉಕ್ಕಿನ ಸಿಲಿಂಡರನ್ನು ಬುಡದ ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ, ಎರಡೂ ಕೈಯಲ್ಲಿ ತಿರುಗಿಸುತ್ತ ಓಣಿಯುದ್ದಕ್ಕೂ ಉರುಳಿಸಿಕೊಂಡು ಹೋಗುವುದು ಅವನ ಕಸುಬು. ಓದು ಹೆಚ್ಚಿರಲಿಲ್ಲ, ಸಂಬಳವೂ ಅಷ್ಟಕ್ಕಷ್ಟೆ. ಆದರೆ ದಿನಕ್ಕೆ ಹತ್ತಾರು ಸಲ ರೋಗಿಯ ಮುಖ ನೋಡುತ್ತಿದ್ದವನು ಅವನೇ. ತುಟಿ ನೀಲಿಯಾಗುವುದು, ಉಸಿರಿಗೊಮ್ಮೆ ಮೂಗಿನ ಹೊಳ್ಳೆ ಅರಳುವುದು, ಪಕ್ಕೆಲುಬಿನ ನಡುವೆ ಚರ್ಮ ಒಳಸೇದುವುದು, ಇವನ್ನೆಲ್ಲ ಪುಸ್ತಕಕ್ಕಿಂತ ಮೊದಲು ಕಣ್ಣಿನಿಂದ ಕಲಿತವನು ಅವನು.

ಚಿಕಾಗೋದ ಮೈಕೇಲ್ ರೀಸ್ ಆಸ್ಪತ್ರೆಯ ವೈದ್ಯ ಎಡ್ವಿನ್ ಲೆವೈನ್ 1943ರಲ್ಲಿ ಇಂಥವರಿಗೆ ಕೆಲಸದ ಜೊತೆಗೇ ಪಾಠ ಹೇಳತೊಡಗಿದರು. ಅವರ ಶಿಷ್ಯರು ಮತ್ತು ನಗರದ ಇತರ ಆಸ್ಪತ್ರೆಗಳ ಕೆಲವರು 1946ರ ಜುಲೈ 13ರಂದು ಚಿಕಾಗೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಸೇರಿ ಇನ್ಹಲೇಷನ್ ಥೆರಪಿ ಅಸೋಸಿಯೇಷನ್ ಕಟ್ಟಲು ನಿರ್ಧರಿಸಿದರು. 1947ರ ಏಪ್ರಿಲ್ 15ರಂದು ಅದು ಇಲಿನಾಯ್ ರಾಜ್ಯದಲ್ಲಿ ನೋಂದಣಿಯಾಯಿತು. ಆಗ ಇದ್ದ ಸದಸ್ಯರು 59 ಮಂದಿ. ಅವರಲ್ಲಿ 17 ಮಂದಿ ಕ್ಯಾಥೊಲಿಕ್ ಧಾರ್ಮಿಕ ಪಂಥಗಳಿಗೆ ಸೇರಿದವರು. ಒಂದು ವೃತ್ತಿ ಇಷ್ಟು ಸಣ್ಣ ಕೋಣೆಯಿಂದ ಹೊರಟದ್ದನ್ನು ನೆನೆದರೆ ಈಗಲೂ ಬೆರಗಾಗುತ್ತದೆ.

ಅದೇ ಕಾಲದಲ್ಲಿ ಆಮ್ಲಜನಕದ ಇನ್ನೊಂದು ಮುಖವೂ ಬಯಲಾಯಿತು. ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಪೆಟ್ಟಿಗೆಯೊಳಗೆ ಧಾರಾಳವಾಗಿ ಆಮ್ಲಜನಕ ಕೊಡುತ್ತಿದ್ದ ಆಸ್ಪತ್ರೆಗಳಲ್ಲಿ ಆ ಶಿಶುಗಳು ಕುರುಡಾಗತೊಡಗಿದ್ದವು. ಇದಕ್ಕೆ ಆಮ್ಲಜನಕವೇ ಕಾರಣವಿರಬಹುದೆಂದು 1951ರಲ್ಲಿ ಮೆಲ್ಬರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ ತೋರಿಸಿದರು. ನಂತರದ ಅಧ್ಯಯನಗಳು ಅದನ್ನು ದೃಢಪಡಿಸುವ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 10,000 ಮಕ್ಕಳು ಕಣ್ಣು ಕಳೆದುಕೊಂಡಿದ್ದರು ಎಂಬ ಅಂದಾಜಿದೆ. 1950ರಲ್ಲಿ ಅವಧಿಗೆ ಮೊದಲೇ ಹುಟ್ಟಿದ ಗಾಯಕ ಸ್ಟೀವಿ ವಂಡರ್ ಅವರಲ್ಲೊಬ್ಬರು. ಆಮ್ಲಜನಕವೂ ಒಂದು ಔಷಧ, ಅದಕ್ಕೂ ಪ್ರಮಾಣವಿದೆ, ಕೊಡುವ ಕೈಗೆ ತರಬೇತಿ ಬೇಕು ಎಂಬ ಮಾತು ಆ ಮಕ್ಕಳ ಕಣ್ಣಿನ ಬೆಲೆಗೆ ಬಂದದ್ದು.

ಉಕ್ಕಿನ ಪೆಟ್ಟಿಗೆ ಮತ್ತು ರಬ್ಬರಿನ ಚೀಲ

ಪೋಲಿಯೊ ಇಲ್ಲದಿದ್ದರೆ ಈ ವೃತ್ತಿಯ ರೂಪವೇ ಬೇರೆಯಾಗುತ್ತಿತ್ತು. ಉಸಿರಾಟದ ಸ್ನಾಯುಗಳನ್ನು ಹಿಡಿದ ಪೋಲಿಯೊ, ಬುದ್ಧಿ ಸ್ವಾಧೀನದಲ್ಲಿರುವ ಮಗುವನ್ನು ಉಸಿರುಕಟ್ಟಿಸಿ ಕೊಲ್ಲುತ್ತದೆ. ಹಾರ್ವರ್ಡ್‌ನ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಅಗಾಸಿ ಷಾ ರೂಪಿಸಿದ ಉಕ್ಕಿನ ಶ್ವಾಸಕೋಶವನ್ನು 1928ರ ಅಕ್ಟೋಬರ್ 12ರಂದು ಬಾಸ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳಿಗೆ ಮೊದಲು ಬಳಸಿದರು. ತಲೆಯೊಂದನ್ನು ಬಿಟ್ಟು ಇಡೀ ಮೈ ಪೆಟ್ಟಿಗೆಯೊಳಗೆ. ಒಳಗಿನ ಗಾಳಿಯ ಒತ್ತಡ ತಗ್ಗಿದಾಗ ಎದೆ ಅರಳಿ ಉಸಿರು ಒಳಬರುತ್ತದೆ, ಏರಿದಾಗ ಹೊರಹೋಗುತ್ತದೆ. ಆ ಹುಡುಗಿ ನಿಮಿಷಗಳಲ್ಲಿ ಚೇತರಿಸಿಕೊಂಡಳು, ಕೆಲವೇ ದಿನಗಳಲ್ಲಿ ನ್ಯುಮೋನಿಯಾಕ್ಕೆ ಬಲಿಯಾದಳು. 1931ರಲ್ಲಿ ಜಾನ್ ಎಮರ್ಸನ್ ಇನ್ನಷ್ಟು ಅಗ್ಗದ, ಸರಳ ಮಾದರಿ ಮಾಡಿದ. ಆಸ್ಟ್ರೇಲಿಯದ ಎಡ್ವರ್ಡ್ ಬೋತ್ ಮರದ ಹಲಗೆಗಳಿಂದಲೇ ಒಂದನ್ನು ರೂಪಿಸಿದ. ಕಾರು ತಯಾರಕ ಲಾರ್ಡ್ ನಫೀಲ್ಡ್ ಅದನ್ನು ತನ್ನ ಕಾರ್ಖಾನೆಯಲ್ಲಿ ಮಾಡಿಸಿ ಬ್ರಿಟಿಷ್ ಸಾಮ್ರಾಜ್ಯದ ಆಸ್ಪತ್ರೆಗಳಿಗೆ ಉಚಿತವಾಗಿ ಕೊಟ್ಟ.

ಪೆಟ್ಟಿಗೆ ಸಾಲದು ಎಂದು ಗೊತ್ತಾದದ್ದು ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್‌ನಲ್ಲಿ. 1952ರ ಬೇಸಿಗೆಯಲ್ಲಿ ಅಲ್ಲಿ ಪೋಲಿಯೊ ಹಬ್ಬಿದಾಗ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ಇದ್ದದ್ದು ಒಂದು ಉಕ್ಕಿನ ಶ್ವಾಸಕೋಶ ಮತ್ತು ಎದೆಗೆ ಮಾತ್ರ ಕಟ್ಟುವ ಆರು ಕವಚಗಳು. ಅವುಗಳಲ್ಲಿಟ್ಟ ಮೊದಲ 31 ರೋಗಿಗಳಲ್ಲಿ 27 ಮಂದಿ ಸತ್ತರು. ಮುಖ್ಯ ವೈದ್ಯ ಲಾಸೆನ್ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್‌ನನ್ನು ಕರೆಸಿದ. ಸತ್ತವರ ರಕ್ತದಲ್ಲಿ ಬೈಕಾರ್ಬೊನೇಟ್ ಏರಿದ್ದನ್ನು ಕ್ಷಾರ ಹೆಚ್ಚಾದ ಲಕ್ಷಣವೆಂದು ಅಲ್ಲಿಯವರು ತಿಳಿದಿದ್ದರು. ಇಬ್ಸೆನ್ ಅದನ್ನು ತಿರುಗಿಸಿ ಓದಿದ: ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಿಲ್ಲ, ಇವರಿಗೆ ಉಸಿರೇ ಸಾಲುತ್ತಿಲ್ಲ.

ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಗಂಟಲಿನಲ್ಲಿ ರಂಧ್ರ ಮಾಡಿ ನಳಿಗೆ ಇಳಿಸಿದರು. ಅವಳು ಒದ್ದಾಡಿದಳು, ಶ್ವಾಸನಾಳಗಳು ಸೆಟೆದುಕೊಂಡು ಗಾಳಿಯೇ ಒಳಹೋಗಲಿಲ್ಲ. ಇಬ್ಸೆನ್ ಅರಿವು ತಪ್ಪಿಸುವ ಔಷಧ ಕೊಟ್ಟ. ಅವಳ ಉಸಿರು ನಿಂತಿತು. ಆಗ ರಬ್ಬರಿನ ಚೀಲವನ್ನು ಕೈಯಲ್ಲಿ ಅದುಮಿದಾಗ ಎದೆ ಏರಿತು, ಇಳಿಯಿತು, ಮೈಗೆ ಬಣ್ಣ ಮರಳಿತು.

ಆದರೆ ಚೀಲ ಅದುಮುವ ಯಂತ್ರ ಅಲ್ಲಿರಲಿಲ್ಲ. ಹತ್ತಾರು ರೋಗಿಗಳು, ಒಬ್ಬೊಬ್ಬರಿಗೂ ವಾರಗಟ್ಟಲೆ, ಹಗಲೂ ರಾತ್ರಿ. ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆದರು, ದಂತವೈದ್ಯಕೀಯದವರನ್ನೂ ಕರೆದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಬಂದು ಒಟ್ಟು 1,65,000 ಗಂಟೆ ಚೀಲ ಅದುಮಿದರು. ಮಂಚದ ತಲೆಯ ಕಡೆ ಕುರ್ಚಿ ಹಾಕಿಕೊಂಡು, ತಮಗಿಂತ ಏಳೆಂಟು ವರ್ಷ ಸಣ್ಣ ಮಗುವಿನ ಮುಖವನ್ನು ನೋಡುತ್ತ. ರೋಗಿಗಳು ಎಚ್ಚರವಿದ್ದರು, ಗಂಟಲಿನ ನಳಿಗೆಯಿಂದಾಗಿ ಮಾತಾಡಲಾಗುತ್ತಿರಲಿಲ್ಲ. ಇನ್ನಷ್ಟು ಗಾಳಿ ಬೇಕೆಂಬುದನ್ನು ಕಣ್ಣಿನಲ್ಲೇ ಹೇಳಬೇಕಿತ್ತು, ಚೀಲ ಹಿಡಿದವರು ಕಣ್ಣಿನಿಂದಲೇ ತಿಳಿಯಬೇಕಿತ್ತು. ನೂರಕ್ಕೆ 87ರಷ್ಟಿದ್ದ ಸಾವು ಕ್ರಮೇಣ 25ರ ಆಸುಪಾಸಿಗೆ ಇಳಿಯಿತು. ಆ ವಿದ್ಯಾರ್ಥಿಗಳು ಉಸಿರಾಟ ಚಿಕಿತ್ಸಕರೆಂಬ ಹೆಸರು ಹೊತ್ತವರಲ್ಲ. ಆದರೆ ಈ ವೃತ್ತಿಯ ತಿರುಳು ಅವರ ಆ ಕುರ್ಚಿಯಲ್ಲಿದೆ ಎಂದು ಹೇಳಲು ಈ ಲೇಖನ ಹಿಂಜರಿಯುವುದಿಲ್ಲ.

ಮುಂದಿನ ವರ್ಷ ಇಬ್ಸೆನ್ ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ತೆರೆದ ವಾರ್ಡನ್ನು ಜಗತ್ತಿನ ಮೊದಲ ತೀವ್ರ ನಿಗಾ ಘಟಕಗಳಲ್ಲಿ ಒಂದೆಂದು ಎಣಿಸುತ್ತಾರೆ. ರಕ್ತದ ಆಮ್ಲತೆಯನ್ನು ಕೂಡಲೇ ಅಳೆಯುವ ಉಪಕರಣವನ್ನು ಕೋಪನ್‌ಹೇಗನ್ನಿನವನೇ ಆದ ಪೌಲ್ ಆಸ್ಟ್ರುಪ್ ಬೆಳೆಸಿದ. ಮುಂದೆ ಅಮೆರಿಕದಲ್ಲಿ ಕ್ಲಾರ್ಕ್ ಮತ್ತು ಸೆವರಿಂಗ್‌ಹೌಸ್ ಅವರ ಎಲೆಕ್ಟ್ರೋಡುಗಳು ಸೇರಿ ರಕ್ತದ ಅನಿಲ ಪರೀಕ್ಷೆ ಇಂದಿನ ರೂಪ ಪಡೆಯಿತು.

ಹೆಸರು, ಪರೀಕ್ಷೆ, ಪರವಾನಗಿ

1950ರ ದಶಕದ ಕೊನೆಗೆ ಚೀಲದ ಕೆಲಸವನ್ನು ಯಂತ್ರ ವಹಿಸಿಕೊಂಡಿತು. ವಿಮಾನ ಚಾಲಕನಾಗಿದ್ದ ಫಾರೆಸ್ಟ್ ಬರ್ಡ್ ತನ್ನ ಮೊದಲ ಮಾದರಿಯನ್ನು ಕೇಕಿನ ತಗಡಿನ ಅಚ್ಚು ಮತ್ತು ಬಾಗಿಲಿನ ಹಿಡಿಕೆಯಿಂದ ಮಾಡಿದನೆಂದು ಹೇಳುತ್ತಾರೆ. ಅವನ ಮಾರ್ಕ್ 7 ಎಂಬ ಸಣ್ಣ ಹಸಿರು ಪೆಟ್ಟಿಗೆ ವಿದ್ಯುತ್ತಿಲ್ಲದೆ ಅನಿಲದ ಒತ್ತಡದಿಂದಲೇ ನಡೆಯುತ್ತಿತ್ತು. ಅದರ ಜೊತೆಗೇ ಸಿಲಿಂಡರ್ ಉರುಳಿಸುತ್ತಿದ್ದವನು ಯಂತ್ರ ಸಿದ್ಧಪಡಿಸುವವನಾದ. ಚಿಕಾಗೋದಲ್ಲಿ ಹುಟ್ಟಿದ್ದ ಸಂಘ ತನ್ನ ಪತ್ರಿಕೆಯನ್ನು 1956ರಲ್ಲಿ ಆರಂಭಿಸಿತು. 1960ರಲ್ಲಿ ರಾಷ್ಟ್ರಮಟ್ಟದ ನೋಂದಣಿ ಪರೀಕ್ಷೆ ನಡೆಯಿತು. ಸಂಘದ ಹೆಸರಿನಲ್ಲಿದ್ದ ಇನ್ಹಲೇಷನ್ ಎಂಬ ಪದ 1973ರಲ್ಲಿ ಹೋಗಿ ರೆಸ್ಪಿರೇಟರಿ ಥೆರಪಿ ಬಂತು. 1980ರ ದಶಕದಲ್ಲಿ ಅದೂ ರೆಸ್ಪಿರೇಟರಿ ಕೇರ್ ಆಯಿತು. ಅನಿಲ ಕೊಡುವುದು, ಚಿಕಿತ್ಸೆ ಮಾಡುವುದು, ಆರೈಕೆ ನೋಡಿಕೊಳ್ಳುವುದು: ಕೆಲಸ ಹಿಗ್ಗಿದ ಹಾಗೆ ಹೆಸರು ಬದಲಾಯಿತು. 1982ರಲ್ಲಿ ಕ್ಯಾಲಿಫೋರ್ನಿಯ ಪರವಾನಗಿ ಕಾನೂನು ತಂದಿತು, ಉಳಿದ ಬಹುತೇಕ ರಾಜ್ಯಗಳು ಒಂದೊಂದಾಗಿ ಅನುಸರಿಸಿದವು. ಇಂದು ಅಮೆರಿಕದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಉಸಿರಾಟ ಚಿಕಿತ್ಸಕರಿದ್ದಾರೆ.

ಕೆನಡಾದಲ್ಲಿ 1964ರಲ್ಲಿ ಇಂಥದೇ ಸಂಘ ಹುಟ್ಟಿತು. ತೈವಾನ್ 2002ರಲ್ಲಿ, ಫಿಲಿಪ್ಪೀನ್ಸ್ 2010ರಲ್ಲಿ ಪ್ರತ್ಯೇಕ ಕಾನೂನು ಮಾಡಿದವು. ಯುರೋಪಿನ ಹೆಚ್ಚಿನ ದೇಶಗಳು ಮಾತ್ರ ಈ ಹಾದಿ ಹಿಡಿಯಲಿಲ್ಲ. ಅಲ್ಲಿ ಇದೇ ಕೆಲಸವನ್ನು ದಾದಿಯರು, ಫಿಸಿಯೋಥೆರಪಿಸ್ಟ್‌ಗಳು, ಅರಿವಳಿಕೆ ವೈದ್ಯರು ಹಂಚಿಕೊಂಡಿದ್ದಾರೆ. ವಿದ್ಯಾರ್ಥಿಗಳು ಚೀಲ ಅದುಮಿದ ಡೆನ್ಮಾರ್ಕಿನಲ್ಲೂ ಹಾಗೆಯೇ.

ತನ್ನ ಅನ್ನವನ್ನೇ ಪ್ರಶ್ನಿಸಿದ ವೃತ್ತಿ

1960ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಬರ್ಡ್ ಮತ್ತು ಬೆನೆಟ್ ಎಂಬ ಹೆಸರಿನ ಯಂತ್ರಗಳಿಂದ ಬಿಟ್ಟುಬಿಟ್ಟು ಒತ್ತಡದ ಗಾಳಿ ಊದುವ ಚಿಕಿತ್ಸೆ ಮನೆಮಾತಾಗಿತ್ತು. ಶಸ್ತ್ರಕ್ರಿಯೆಯಾದವರಿಗೆ, ಉಬ್ಬಸದವರಿಗೆ, ಹಳೆಯ ಕೆಮ್ಮಿನವರಿಗೆ, ಎಲ್ಲರಿಗೂ ಅದೇ. ಚಿಕಿತ್ಸಕರ ದಿನದ ಬಹುಪಾಲು, ಅವರ ವಿಭಾಗದ ಆದಾಯದ ಬಹುಪಾಲು ಅದರಿಂದಲೇ. 1974ರಲ್ಲಿ ಫಿಲಡೆಲ್ಫಿಯದ ಷುಗರ್‌ಲೋಫ್‌ನಲ್ಲಿ ನಡೆದ ಸಮ್ಮೇಳನ, ಇದರಿಂದ ಉಪಯೋಗವಿದೆ ಎನ್ನಲು ಪುರಾವೆ ಎಲ್ಲಿ ಎಂದು ಕೇಳಿತು. 1983ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ, ದೀರ್ಘಕಾಲದ ಶ್ವಾಸಕೋಶ ರೋಗಿಗಳಲ್ಲಿ ಅದು ಸಾಧಾರಣ ನೆಬುಲೈಸರಿಗಿಂತ ಮೇಲಲ್ಲ ಎಂದು ತೋರಿಸಿತು. ಆ ಬಳಕೆ ಕುಸಿಯಿತು. ತನ್ನ ಜೀವನೋಪಾಯವನ್ನೇ ಒರೆಗೆ ಹಚ್ಚಲು ಒಪ್ಪಿ, ಸೋತದ್ದನ್ನು ಬಿಟ್ಟುಕೊಟ್ಟ ವೃತ್ತಿಗಳು ಹೆಚ್ಚಿಲ್ಲ. ಅಂದಿನ ನಷ್ಟವೇ ಅದರ ಮುಂದಿನ ಗೌರವಕ್ಕೆ ಬುನಾದಿಯಾಯಿತು.

1996ರಲ್ಲಿ ವೆಸ್ಲಿ ಈಲಿ ಮತ್ತು ಜೊತೆಗಾರರ ಅಧ್ಯಯನದಲ್ಲಿ 300 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನಲ್ಲಿ, ರೋಗಿ ತಾನೇ ಉಸಿರಾಡಲು ಸಿದ್ಧನಿದ್ದಾನೆಯೇ ಎಂದು ಉಸಿರಾಟ ಚಿಕಿತ್ಸಕರು ಮತ್ತು ದಾದಿಯರು ದಿನಾ ಬೆಳಿಗ್ಗೆ ಪರೀಕ್ಷಿಸಿ, ಪರೀಕ್ಷಾರ್ಥ ಉಸಿರಾಡಿಸಿ, ವೈದ್ಯರಿಗೆ ತಿಳಿಸುತ್ತಿದ್ದರು. ವೆಂಟಿಲೇಟರಿನಲ್ಲಿ ಕಳೆದ ಕಾಲ ಆರು ದಿನದಿಂದ ನಾಲ್ಕೂವರೆ ದಿನಕ್ಕೆ ಇಳಿಯಿತು. ವೆಂಟಿಲೇಟರಿಗೆ ಹಾಕುವುದಕ್ಕಿಂತ ಅದರಿಂದ ಬಿಡಿಸುವುದು ಕಷ್ಟ, ಬಿಡಿಸುವ ಹೊತ್ತನ್ನು ಗುರುತಿಸುವವರು ಪಕ್ಕದಲ್ಲೇ ಇರುವವರು.

ಇನ್ನೊಂದು ತಿರುವು 2000ದಲ್ಲಿ ಬಂತು. ತೀವ್ರವಾಗಿ ಹಾನಿಗೊಂಡ ಶ್ವಾಸಕೋಶದ 861 ರೋಗಿಗಳಲ್ಲಿ ಕೆಲವರಿಗೆ ಪ್ರತಿ ಉಸಿರಿಗೆ, ಎತ್ತರದಿಂದ ಲೆಕ್ಕ ಹಾಕಿದ ತೂಕದ ಕಿಲೋಗ್ರಾಂಗೆ 12 ಮಿಲಿಲೀಟರ್, ಕೆಲವರಿಗೆ 6 ಮಿಲಿಲೀಟರ್ ಗಾಳಿ ಕೊಟ್ಟು ನೋಡಿದರು. ಮೊದಲ ಗುಂಪಿನಲ್ಲಿ ಶೇ 39.8 ಮಂದಿ ಸತ್ತರು, ಎರಡನೆಯದರಲ್ಲಿ ಶೇ 31. ತಿದಿಯ ಬಗ್ಗೆ ಲೆರ್ವಾ ಕೊಟ್ಟ ಎಚ್ಚರಿಕೆ ಇದೇ.

ಹಾಸಿಗೆಯ ಬಳಿ

ಈ ಅಂಕಿಗಳು ಕೆಲಸದಲ್ಲಿ ಹೇಗೆ ಇಳಿಯುತ್ತವೆ ಎಂಬುದಕ್ಕೆ ಒಂದು ಉದಾಹರಣೆ. ನ್ಯುಮೋನಿಯಾ ಬಿಗಡಾಯಿಸಿ ವೆಂಟಿಲೇಟರಿಗೆ ಬಂದ, 80 ಕಿಲೋ ತೂಕದ ಹೆಂಗಸೊಬ್ಬಳಿದ್ದಾಳೆ ಎನ್ನೋಣ. ಚಿಕಿತ್ಸಕ ತೂಕ ನೋಡುವುದಿಲ್ಲ, ಟೇಪು ಹಿಡಿದು ನೆತ್ತಿಯಿಂದ ಹಿಮ್ಮಡಿಯವರೆಗೆ ಅಳೆಯುತ್ತಾನೆ: 165 ಸೆಂಟಿಮೀಟರ್. ಮೈಗೆ ಕೊಬ್ಬು ಬಂದರೂ ಶ್ವಾಸಕೋಶ ದೊಡ್ಡದಾಗುವುದಿಲ್ಲ. ಆ ಎತ್ತರದ ಹೆಂಗಸಿಗೆ ಸೂತ್ರದ ಪ್ರಕಾರ ಲೆಕ್ಕಕ್ಕೆ ಹಿಡಿಯುವ ತೂಕ ಸುಮಾರು 57 ಕಿಲೋ, ಅದರ ಆರು ಪಟ್ಟು 342. ಯಂತ್ರದಲ್ಲಿ ಒಂದು ಉಸಿರಿಗೆ ಸುಮಾರು 340 ಮಿಲಿಲೀಟರ್ ಇಡುತ್ತಾನೆ. 80 ಕಿಲೋ ಎಂದು ಲೆಕ್ಕ ಹಾಕಿದ್ದರೆ 480 ಆಗುತ್ತಿತ್ತು. ಉಸಿರನ್ನು ಕ್ಷಣಕಾಲ ತಡೆಹಿಡಿದು ಒಳಗಿನ ಒತ್ತಡ ನೋಡುತ್ತಾನೆ, ಅದು 30 ಸೆಂಟಿಮೀಟರ್ ನೀರಿನ ಒತ್ತಡ ದಾಟಬಾರದು. ನಳಿಗೆಯ ತುದಿಯ ಪುಟ್ಟ ಬಲೂನಿಗೆ ಮಾಪಕ ಹಚ್ಚಿ ಅದರ ಒತ್ತಡವನ್ನೂ 20ರಿಂದ 30ರ ನಡುವೆ ನಿಲ್ಲಿಸುತ್ತಾನೆ. ಹೆಚ್ಚಾದರೆ ಶ್ವಾಸನಾಳದ ಒಳಪೊರೆಗೆ ರಕ್ತ ಹರಿಯದೆ ಹುಣ್ಣಾಗುತ್ತದೆ, ಕಡಿಮೆಯಾದರೆ ಬಾಯಿಯ ಎಂಜಲು ಕೆಳಗೆ ಸೋರುತ್ತದೆ. ಹಾಸಿಗೆಯ ತಲೆಭಾಗ ಎತ್ತರಿಸಿದೆಯೇ, ತೇವ ಕೊಡುವ ಪಾತ್ರೆಯಲ್ಲಿ ನೀರಿದೆಯೇ, ಕೊಳವೆಯಲ್ಲಿ ನೀರು ನಿಂತಿದೆಯೇ ಎಂದು ನೋಡಿ ಬರೆದಿಟ್ಟು ಮುಂದಿನ ಹಾಸಿಗೆಗೆ ಹೋಗುತ್ತಾನೆ. ಕೆಲವು ಗಂಟೆಗಳಲ್ಲಿ ಮತ್ತೆ ಬರುತ್ತಾನೆ.

ನಮ್ಮ ಆಸ್ಪತ್ರೆಗಳ ಓಣಿಯಲ್ಲಿ ಕಾಯುವ ಮನೆಯವರಿಗೆ ಈತ ಯಾರೆಂದು ಗೊತ್ತಿರುವುದು ಕಡಿಮೆ. ಡಾಕ್ಟ್ರೇ ಎಂದೋ, ಸಿಸ್ಟರ್ ಎಂದೋ, ಮಿಷಿನ್‌ನವರು ಎಂದೋ ಕರೆಯುತ್ತಾರೆ. ಅಮ್ಮನ ಉಸಿರು ಈಗ ಹೇಗಿದೆ ಎಂಬ ಪ್ರಶ್ನೆಗೆ ಆ ಗಳಿಗೆಯಲ್ಲಿ ಸರಿಯಾದ ಉತ್ತರ ಗೊತ್ತಿರುವುದು ಹೆಚ್ಚಾಗಿ ಇವರಿಗೇ.

ಭಾರತದಲ್ಲಿ

ಭಾರತದಲ್ಲಿ ವೆಂಟಿಲೇಟರನ್ನು ಬಹುಕಾಲ ಅರಿವಳಿಕೆ ವೈದ್ಯರು, ಕಿರಿಯ ವೈದ್ಯರು, ದಾದಿಯರು ನಿಭಾಯಿಸಿದರು. ತೀವ್ರ ನಿಗಾ ಘಟಕಗಳು ಹೆಚ್ಚಿದಂತೆ ಇದಕ್ಕಾಗಿಯೇ ಓದಿದವರ ಅಗತ್ಯ ಕಂಡು ಪದವಿ ಕೋರ್ಸುಗಳು ಶುರುವಾದವು. ಕರ್ನಾಟಕದಲ್ಲಿ ಮಣಿಪಾಲ್ ಅಕಾಡೆಮಿ ಆಫ್ ಹೈಯರ್ ಎಜುಕೇಷನ್ ಉಸಿರಾಟ ಚಿಕಿತ್ಸೆಗೆ ಪ್ರತ್ಯೇಕ ವಿಭಾಗವನ್ನೇ ಹೊಂದಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಹಲವು ಕಾಲೇಜುಗಳಲ್ಲಿ ರೆಸ್ಪಿರೇಟರಿ ಕೇರ್ ಟೆಕ್ನಾಲಜಿ ಬಿ.ಎಸ್ಸಿ. ಇದೆ. ಇಲ್ಲಿ ಕಲಿತವರಲ್ಲಿ ಅನೇಕರು ಕೊಲ್ಲಿ ದೇಶಗಳ ಆಸ್ಪತ್ರೆಗಳಿಗೆ ಹೋಗುತ್ತಾರೆ. ಅಲ್ಲಿ ಈ ಹುದ್ದೆಗೆ ಹೆಸರೂ ಇದೆ, ಸಂಬಳವೂ ಇದೆ.

2020ರಲ್ಲಿ ಕೋವಿಡ್ ಬಂದಾಗ ವೆಂಟಿಲೇಟರ್ ಎಂಬ ಪದ ಹಳ್ಳಿಯ ಜಗಲಿಗೂ ತಲುಪಿತು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ವಿನ್ಯಾಸ ಪಡೆದು, 30,000 ವೆಂಟಿಲೇಟರುಗಳ ಸರಕಾರಿ ಬೇಡಿಕೆಯನ್ನು ವಹಿಸಿಕೊಂಡಿತು. ಅಷ್ಟು ದೊಡ್ಡ ಸಂಖ್ಯೆಯ ಯಂತ್ರಗಳು ದೇಶದೊಳಗೇ ತಯಾರಾದದ್ದು ಸಣ್ಣ ಸಾಧನೆಯಲ್ಲ. ಯಂತ್ರವನ್ನು ತಿಂಗಳುಗಳಲ್ಲಿ ಮಾಡಬಹುದು, ಅದರ ಪಕ್ಕ ನಿಲ್ಲುವವರನ್ನು ತಯಾರು ಮಾಡಲು ವರ್ಷಗಳು ಬೇಕು ಎಂಬುದೂ ಆಗಲೇ ತಿಳಿಯಿತು. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕದ ಕೊರತೆಯಿಂದ ಸಂಭವಿಸಿದ ಸಾವುಗಳು ನಾಡನ್ನು ನಡುಗಿಸಿದವು. ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ, ಇನ್ನೆಷ್ಟು ಹೊತ್ತು ಬರುತ್ತದೆ ಎಂದು ಲೆಕ್ಕವಿಡುವುದು ಈ ವೃತ್ತಿಯ ಮೊಟ್ಟಮೊದಲ ಕೆಲಸವಾಗಿತ್ತು. ಎಂಬತ್ತು ವರ್ಷಗಳ ನಂತರವೂ ಅದು ಬದಿಗೆ ಸರಿದಿಲ್ಲ.

ಅದೇ ವರ್ಷದ ಮಾರ್ಚ್‌ನಲ್ಲಿ ಸಂಸತ್ತು ಅಂಗೀಕರಿಸಿದ ಸಹ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಇಂಥ ವೃತ್ತಿಗಳಿಗೆ ಏಕರೂಪದ ಪಠ್ಯಕ್ರಮ, ರಾಜ್ಯ ಪರಿಷತ್ತು ಮತ್ತು ನೋಂದಣಿಯ ದಾರಿ ತೆರೆದಿದೆ. ಈಗ ಪದವಿಗೆ ಮೂರು ವರ್ಷ ತರಗತಿ, ನಂತರ ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್. ಆ ಕೊನೆಯ ವರ್ಷ ವಿದ್ಯಾರ್ಥಿಗಳಿಗೆ ರಾತ್ರಿ ಪಾಳಿಯೂ ಬರುತ್ತದೆ. ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತ, ಎದೆ ಎರಡೂ ಕಡೆ ಸಮನಾಗಿ ಏಳುತ್ತಿದೆಯೇ ಎಂದು ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಯಂತ್ರದ ಪರದೆ ನೋಡುವುದನ್ನು ಅವರು ಅಲ್ಲಿ ರೂಢಿಸಿಕೊಳ್ಳುತ್ತಾರೆ.